ಮಗುವಿಗೆ ಇನ್‌ಹೇಲರ್ ಸರಿಯಾಗಿ ಕೊಡುವುದು ಹೇಗೆ?

"ಇನ್‌ಹೇಲರ್ ಶುರು ಮಾಡಿ ಎರಡು ತಿಂಗಳಾಯ್ತು, ಕೆಮ್ಮು ನಿಂತಿಲ್ಲ. ಬೇರೆ ಔಷಧಿ ಬರೆಸಿಕೊಳ್ಳಬೇಕಾ?" ಅಸ್ತಮಾ ಇರುವ ಮಕ್ಕಳ ಅಪ್ಪ ಅಮ್ಮಂದಿರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಬದಲಿಸಬೇಕೋ ಬೇಡವೋ ಅನ್ನುವುದನ್ನು ಡಾಕ್ಟರೇ ನೋಡಿ ಹೇಳಬೇಕು. ಅದಕ್ಕೂ ಮೊದಲು ಮನೆಯಲ್ಲೇ ನೋಡಿಕೊಳ್ಳಬೇಕಾದ ಒಂದು ವಿಷಯ ಇದೆ. ನೀವು ಒತ್ತಿದ ಔಷಧಿ ಮಗುವಿನ ಶ್ವಾಸಕೋಶದವರೆಗೆ ಹೋಗುತ್ತಿದೆಯಾ? ಎಷ್ಟೋ ಮನೆಗಳಲ್ಲಿ ಅದು ಕೆನ್ನೆಗೆ, ನಾಲಿಗೆಗೆ, ಇನ್‌ಹೇಲರಿಗೆ ಜೋಡಿಸುವ ಕೊಳವೆಯ (ಸ್ಪೇಸರ್) ಗೋಡೆಗೆ ಅಂಟಿಕೊಂಡು ಅಲ್ಲೇ ಮುಗಿದುಹೋಗುತ್ತದೆ. ಔಷಧಿ ಒಳ್ಳೆಯದೇ, ಡೋಸೂ ಸರಿಯಾಗಿಯೇ ಇದೆ, ಕೊಡುವ ರೀತಿಯಲ್ಲಿ ಮಾತ್ರ ಸಣ್ಣ ತಪ್ಪು. ಅದನ್ನು ತಿದ್ದಿಕೊಳ್ಳಲು ಹೊಸ ಖರ್ಚೇನೂ ಬೇಕಿಲ್ಲ.

ಡಾಕ್ಟರ್ ಈಗಾಗಲೇ ಇನ್‌ಹೇಲರ್ ಬರೆದುಕೊಟ್ಟಿರುವ ಮಕ್ಕಳ ಮನೆಯವರಿಗಾಗಿ ಇದನ್ನು ಬರೆದಿದ್ದೇನೆ. ಯಾವ ಔಷಧಿ, ದಿನಕ್ಕೆ ಎಷ್ಟು ಸಲ ಅನ್ನುವುದೆಲ್ಲ ಅವರ ಚೀಟಿಯಲ್ಲಿ ಇದ್ದ ಹಾಗೇ ಇರಲಿ. ಕೊಡುವ ಕ್ರಮವನ್ನಷ್ಟೇ ಇಲ್ಲಿ ನೋಡೋಣ.

ಮೊದಲು ಮನೆಯವರ ಅಳುಕು

"ಅಷ್ಟು ಚಿಕ್ಕ ಮಗುವಿಗೆ ಪಂಪ್ ಯಾಕೆ? ಅಭ್ಯಾಸ ಆಗಿಬಿಡುತ್ತೆ. ಸಿರಪ್ ಸಾಕು." ಮನೆಯಲ್ಲಿ ಹಿರಿಯರು ಯಾರಾದರೂ ಹೀಗೆ ಹೇಳಿಯೇ ಇರುತ್ತಾರೆ. ಅವರನ್ನು ಕೂರಿಸಿಕೊಂಡು ಈ ಲೆಕ್ಕ ತೋರಿಸಿ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಸಿರಪ್ಪಿನ ರೂಪದಲ್ಲೂ ಸಿಗುತ್ತದೆ, ಇನ್‌ಹೇಲರ್ ರೂಪದಲ್ಲೂ ಸಿಗುತ್ತದೆ. ಸಾಮಾನ್ಯವಾಗಿ ಸಿಗುವ ಸಿರಪ್ಪಿನ 5 ಮಿ.ಲೀ.ಯಲ್ಲಿ 2 ಮಿಲಿಗ್ರಾಂ, ಅಂದರೆ 2000 ಮೈಕ್ರೋಗ್ರಾಂ ಔಷಧಿ ಇರುತ್ತದೆ. ಇನ್‌ಹೇಲರಿನ ಒಂದು ಪಫ್‌ನಲ್ಲಿ, ಅಂದರೆ ಒಂದು ಸಲ ಒತ್ತಿದಾಗ ಬರುವುದರಲ್ಲಿ, 100 ಮೈಕ್ರೋಗ್ರಾಂ. ಒಂದು ಚಮಚ ಸಿರಪ್ಪು 20 ಪಫ್‌ಗೆ ಸಮ ಆಯ್ತಲ್ವಾ? ಸಿರಪ್ಪು ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈಯೆಲ್ಲ ಸುತ್ತಿಕೊಂಡು ಶ್ವಾಸಕೋಶ ತಲುಪಬೇಕು. ಅದಕ್ಕೇ ಕೈ ನಡುಕ, ಎದೆ ಡವಡವ ಜಾಸ್ತಿ. ಇನ್‌ಹೇಲರಿನಲ್ಲಿ ಸ್ವಲ್ಪವೇ ಔಷಧಿ ನೇರವಾಗಿ ಬೇಕಾದ ಜಾಗಕ್ಕೆ ಹೋಗಿ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಅದು ಚಟ ಹಿಡಿಸುವ ವಸ್ತುವೂ ಅಲ್ಲ.

"ಸ್ಟೀರಾಯ್ಡ್ ಇರುವ ಇನ್‌ಹೇಲರಿನಿಂದ ಮಗು ಕುಳ್ಳಾಗುತ್ತಾ?" ಇದು ನ್ಯಾಯವಾದ ಪ್ರಶ್ನೆ. ವರ್ಷಗಟ್ಟಲೆ ದಿನಾ ತೆಗೆದುಕೊಂಡ ಮಕ್ಕಳಲ್ಲಿ ಎತ್ತರ ಸುಮಾರು 1 ಸೆಂಟಿಮೀಟರಿನಷ್ಟು ಕಡಿಮೆಯಾಗಬಹುದು ಎಂದು ಕಂಡುಬಂದಿದೆ. ಹತೋಟಿಗೆ ಬಾರದ ಅಸ್ತಮಾವೂ ಬೆಳವಣಿಗೆಯನ್ನು ಕುಂಠಿಸುತ್ತದೆ, ನಿದ್ದೆ ಕೆಡಿಸುತ್ತದೆ, ಜೀವಕ್ಕೂ ಕುತ್ತು ತರಬಹುದು. ನನ್ನ ಮಟ್ಟಿಗೆ ಇಲ್ಲಿ ಯಾವುದನ್ನು ಆರಿಸಬೇಕು ಅನ್ನುವುದರಲ್ಲಿ ಗೊಂದಲವಿಲ್ಲ. ಡಾಕ್ಟರ್ ಕೂಡ ಸಾಕಾಗುವಷ್ಟು ಕಡಿಮೆ ಡೋಸನ್ನೇ ಕೊಡುತ್ತಾರೆ, ಹತೋಟಿಗೆ ಬಂದ ಮೇಲೆ ಇಳಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ.

ಅಂದಹಾಗೆ, ಒತ್ತಿದರೆ ಔಷಧಿ ಚಿಮ್ಮುವ ಈ ಬಗೆಯ ಇನ್‌ಹೇಲರ್ ಹುಟ್ಟಿದ್ದೇ ಒಬ್ಬ ಹುಡುಗಿಯ ಪ್ರಶ್ನೆಯಿಂದ. ಅಮೆರಿಕದ ಔಷಧ ಕಂಪನಿಯೊಂದರ ಮುಖ್ಯಸ್ಥರಾಗಿದ್ದ ಜಾರ್ಜ್ ಮೈಸನ್ ಅವರ 13 ವರ್ಷದ ಮಗಳಿಗೆ ಅಸ್ತಮಾ ಇತ್ತು. ನನ್ನ ಔಷಧಿಯೂ ಕೂದಲಿಗೆ ಹೊಡೆಯುವ ಸ್ಪ್ರೇ ಥರ ಡಬ್ಬಿಯಲ್ಲಿ ಯಾಕೆ ಬರಬಾರದು ಎಂದು ಅವಳು ಕೇಳಿದಳು. 1956ರಲ್ಲಿ ಅದು ಮಾರುಕಟ್ಟೆಗೆ ಬಂತು.

ಏನೇನು ಬೇಕು?

ಇನ್‌ಹೇಲರಿನಲ್ಲಿ ಎರಡು ಥರ. ಒಂದು, ಉಬ್ಬಸ ಬಂದಾಗ ಕೊಡುವಂಥದ್ದು. ಬಿಗಿದುಕೊಂಡ ಶ್ವಾಸನಾಳವನ್ನು ಅದು ಬೇಗ ಸಡಿಲ ಮಾಡುತ್ತದೆ. ಅಸ್ತಾಲಿನ್, ಲೆವೊಲಿನ್ ಎಲ್ಲ ಈ ಗುಂಪಿನವು. ಇನ್ನೊಂದು, ಉಬ್ಬಸ ಇರಲಿ ಬಿಡಲಿ ದಿನಾ ಕೊಡುವಂಥದ್ದು. ಇದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಶ್ವಾಸನಾಳದ ಒಳಗಿನ ಊತವನ್ನು ನಿಧಾನವಾಗಿ ಇಳಿಸುತ್ತದೆ. ಬುಡೆಕಾರ್ಟ್, ಫ್ಲೋಹೇಲ್ ಈ ಗುಂಪಿನವು. ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ, ಮಗು ಚೆನ್ನಾಗಿದೆ ಅಂತ ದಿನಾ ಕೊಡುವುದನ್ನು ಬಿಟ್ಟು, ಉಬ್ಬಸ ಬಂದಾಗ ಕೊಡುವುದನ್ನು ಮಾತ್ರ ಇಟ್ಟುಕೊಳ್ಳುವುದು. ಮಗು ಚೆನ್ನಾಗಿರುವುದೇ ದಿನಾ ಕೊಡುತ್ತಿರುವುದರಿಂದ.

ಡಬ್ಬಿಯ ಬಣ್ಣ ನೋಡಿ ಗುರುತಿಟ್ಟುಕೊಳ್ಳಬೇಡಿ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಬಿಳಿ ಟೇಪ್ ಅಂಟಿಸಿ, ಒಂದರ ಮೇಲೆ "ದಿನಾ", ಇನ್ನೊಂದರ ಮೇಲೆ "ಉಬ್ಬಸ ಬಂದಾಗ" ಎಂದು ದಪ್ಪಗೆ ಬರೆಯಿರಿ. ನಡುರಾತ್ರಿ ಗಾಬರಿಯಲ್ಲಿ ಎದ್ದವರಿಗೂ, ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿಗೂ ಸುಲಭ. ಸ್ವಲ್ಪ ದೊಡ್ಡ ಮಕ್ಕಳಿಗೆ ಕೆಲವು ಡಾಕ್ಟರು ಎರಡೂ ಕೆಲಸಕ್ಕೆ ಒಂದೇ ಇನ್‌ಹೇಲರ್ ಕೊಡುತ್ತಾರೆ. ಹಾಗಿದ್ದರೆ ಅವರು ಹೇಳಿದ ಹಾಗೆ ಮಾಡಿ.

ಮುಂದಿನದು ಸ್ಪೇಸರ್. ಇನ್‌ಹೇಲರಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ ಇದು. ಇನ್‌ಹೇಲರನ್ನು ಒತ್ತಿದಾಗ ಔಷಧಿ ಭಾರಿ ವೇಗದಲ್ಲಿ ಚಿಮ್ಮುತ್ತದೆ. ನೇರ ಬಾಯಿಗೆ ಹೊಡೆದರೆ ಬಹುಪಾಲು ಗಂಟಲಿನ ಹಿಂಭಾಗಕ್ಕೆ ಬಡಿದು ಅಲ್ಲೇ ಉಳಿಯುತ್ತದೆ. ಒತ್ತುವ ಕ್ಷಣಕ್ಕೆ ಸರಿಯಾಗಿ ಉಸಿರೆಳೆದುಕೊಳ್ಳಲು ಮಕ್ಕಳಿಗೆ ಬರುವುದೂ ಇಲ್ಲ, ದೊಡ್ಡವರೇ ತಡವರಿಸುತ್ತಾರೆ. ಸ್ಪೇಸರ್ ಇದ್ದರೆ ಔಷಧಿಯ ವೇಗ ಅದರೊಳಗೇ ಇಳಿಯುತ್ತದೆ, ಮಗು ತನ್ನ ಪಾಡಿಗೆ ಉಸಿರಾಡಿದರೆ ಸಾಕು. ದುಡ್ಡು ಉಳಿಸಲೆಂದು ಸ್ಪೇಸರ್ ಬಿಟ್ಟು ಇನ್‌ಹೇಲರ್ ಮಾತ್ರ ತರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೂರು ವರ್ಷದವರೆಗಿನ ಮಕ್ಕಳಿಗೆ ಸ್ಪೇಸರಿನ ಜೊತೆ ಮಾಸ್ಕ್ ಬೇಕೇ ಬೇಕು. ನಾಲ್ಕು ವರ್ಷ ದಾಟಿದ ಮೇಲೆ, ತುಟಿ ಬಿಗಿ ಹಿಡಿದು ಬಾಯಿಂದ ಉಸಿರಾಡಲು ಕಲಿತಿದ್ದರೆ, ಮಾಸ್ಕ್ ತೆಗೆಯಬಹುದು. ಮಾಸ್ಕಿನ ಅಳತೆ ಮೂಗು ಬಾಯಿ ಎರಡನ್ನೂ ಮುಚ್ಚುವಷ್ಟಿರಲಿ. ಕಣ್ಣಿಗೆ ತಾಗಬಾರದು, ಗಲ್ಲದಿಂದ ಕೆಳಗೆ ಜಾರಬಾರದು. ಮಗು ಬೆಳೆದ ಹಾಗೆ ಮಾಸ್ಕ್ ಚಿಕ್ಕದಾಗುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ.

ಮಾಸ್ಕ್ ಇರುವ ಸ್ಪೇಸರಿನಲ್ಲಿ ಕೊಡುವ ಕ್ರಮ

1. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ. ಬೆನ್ನು ನಿಮ್ಮ ಎದೆಗೆ ಒರಗಿರಲಿ, ತಲೆ ಮುಂದಕ್ಕೆ ಬಾಗದಿರಲಿ. ಮಲಗಿಸಿ ಕೊಡಬೇಡಿ.

2. ಇನ್‌ಹೇಲರಿನ ಮುಚ್ಚಳ ತೆಗೆದು ಅದರ ಬಾಯೊಳಗೆ ಇಣುಕಿ ನೋಡಿ. ಬ್ಯಾಗಿನಲ್ಲಿ ಬಿದ್ದಿದ್ದ ಇನ್‌ಹೇಲರಿನೊಳಗೆ ಕಾಗದದ ಚೂರು, ಸಣ್ಣ ನಾಣ್ಯ, ಬಳಪದ ತುಂಡು ಹೊಕ್ಕಿರಬಹುದು. ಒತ್ತಿದರೆ ಅದು ಹಾರಿ ಬರುತ್ತದೆ.

3. ಇನ್‌ಹೇಲರನ್ನು ನೆಟ್ಟಗೆ ಹಿಡಿದು ಐದು ಸೆಕೆಂಡಾದರೂ ಚೆನ್ನಾಗಿ ಅಲ್ಲಾಡಿಸಿ. ಒಳಗೆ ಔಷಧಿಯೂ ಅದನ್ನು ಹೊರತಳ್ಳುವ ದ್ರವವೂ ಬೆರೆಯಬೇಕು. ಹೊಸ ಡಬ್ಬಿಯಾದರೆ, ಅಥವಾ ಕೆಲವು ದಿನ ಬಳಸದೇ ಇಟ್ಟಿದ್ದರೆ, ಮೊದಲ ಕೆಲವು ಪಫ್‌ಗಳನ್ನು ಗಾಳಿಗೆ ಬಿಡಬೇಕು. ಎಷ್ಟು ಅನ್ನುವುದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಇರುತ್ತದೆ.

4. ಸ್ಪೇಸರಿನ ಹಿಂಭಾಗದ ತೂತಿಗೆ ಇನ್‌ಹೇಲರನ್ನು ಸೇರಿಸಿ. ಲೋಹದ ಡಬ್ಬಿ ಮೇಲ್ಮುಖವಾಗಿಯೇ ಇರಬೇಕು.

5. ಮಾಸ್ಕನ್ನು ಮೂಗು ಬಾಯಿಯ ಮೇಲೆ ಇಟ್ಟು ಮೆತ್ತಗೆ ಒತ್ತಿ ಹಿಡಿಯಿರಿ. ಅಂಚಿನ ಸುತ್ತ ಎಲ್ಲೂ ಸಂದಿ ಇರಬಾರದು. ಮಗುವಿಗೆ ಹಿಂಸೆಯಾಗುತ್ತೆ ಅಂತ ಮಾಸ್ಕನ್ನು ಒಂದು ಇಂಚು ದೂರ ಹಿಡಿದು ಸುಮ್ನೆ ಹೊಡೆಯುವವರಿದ್ದಾರೆ. ಅದರಿಂದ ಏನೂ ಪ್ರಯೋಜನವಿಲ್ಲ.

6. ಈಗ ಒಂದು ಸಲ ಒತ್ತಿ. ಒಂದೇ ಸಲ. ಸಮಯ ಉಳಿಸಲೆಂದು ಎರಡು ಪಫ್ ಒಟ್ಟಿಗೆ ಹಾಕಬೇಡಿ. ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿ ಸ್ಪೇಸರಿನಲ್ಲೇ ಕೂತುಬಿಡುತ್ತವೆ, ಮಗುವಿಗೆ ಹೋಗುವುದು ಕಡಿಮೆ.

7. ಮಾಸ್ಕ್ ಕದಲಿಸದೆ ಮಗು ಐದಾರು ಸಲ ಉಸಿರಾಡಲಿ. ಸ್ಪೇಸರಿನ ಬಾಯಿಯ ಹತ್ತಿರ ತೆಳುವಾದ ಒಂದು ಕವಾಟ ಇರುತ್ತದೆ. ಪ್ರತಿ ಉಸಿರಿಗೂ ಅದು ತೆರೆದು ಮುಚ್ಚುವುದು ಕಾಣುತ್ತದೆ. ಅದನ್ನೇ ನೋಡುತ್ತ ಎಣಿಸಿ. ಕವಾಟ ಅಲುಗಾಡುತ್ತಿಲ್ಲ ಅಂದರೆ ಮಾಸ್ಕ್ ಸರಿಯಾಗಿ ಕೂತಿಲ್ಲ, ಇಲ್ಲವೇ ಮಗು ಉಸಿರು ಬಿಗಿಹಿಡಿದಿದೆ. ಒತ್ತಿದ ಮೇಲೆ ತಡ ಮಾಡಿದರೂ ನಷ್ಟವೇ, ಔಷಧಿ ಗೋಡೆಗೆ ಅಂಟಿಕೊಳ್ಳುತ್ತ ಹೋಗುತ್ತದೆ.

8. ಇನ್ನೊಂದು ಪಫ್ ಬೇಕಿದ್ದರೆ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ, ಮೂರನೇ ಹಂತದಿಂದ ಶುರು ಮಾಡಿ.

9. ಸ್ಟೀರಾಯ್ಡ್ ಇನ್‌ಹೇಲರ್ ಆಗಿದ್ದರೆ ಕೊನೆಗೆ ಮಗುವಿನ ಮುಖ ಒರೆಸಿ, ನೀರು ಕುಡಿಸಿ. ದೊಡ್ಡ ಮಕ್ಕಳು ಬಾಯಿ ಮುಕ್ಕಳಿಸಿ ಉಗುಳಲಿ. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರದಂಥ ಫಂಗಸ್ ಆಗಬಹುದು, ಧ್ವನಿ ಒಡೆಯಬಹುದು. ಬೆಳಿಗ್ಗೆ ರಾತ್ರಿ ಹಲ್ಲುಜ್ಜುವ ಮುಂಚೆ ಕೊಡುವ ರೂಢಿ ಮಾಡಿದರೆ ಮರೆಯುವುದೂ ಇಲ್ಲ, ಬಾಯಿ ತೊಳೆದ ಹಾಗೂ ಆಯ್ತು.

ಮಗು ಅಳುತ್ತದೆ, ಏನು ಮಾಡಲಿ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಅಳುವಾಗ ಬಾಯಿ ತೆರೆದಿರುತ್ತೆ, ಜೋರಾಗಿ ಉಸಿರೆಳೆಯುತ್ತೆ, ಔಷಧಿ ಚೆನ್ನಾಗಿ ಒಳಗೆ ಹೋಗುತ್ತೆ ಎಂದು ಎಷ್ಟೋ ಜನ ನಂಬಿದ್ದಾರೆ. ಆಗುವುದು ಇದಕ್ಕೆ ಉಲ್ಟಾ. ಅಳುವ ಮಗು ಉದ್ದಕ್ಕೆ ಉಸಿರು ಬಿಡುತ್ತದೆ, ನಡುವೆ ಗಕ್ಕನೆ ಎಳೆದುಕೊಳ್ಳುತ್ತದೆ. ಆ ರಭಸಕ್ಕೆ ಔಷಧಿ ಗಂಟಲಲ್ಲೇ ಉಳಿಯುತ್ತದೆ, ಶ್ವಾಸಕೋಶಕ್ಕೆ ತೀರಾ ಕಡಿಮೆ ಹೋಗುತ್ತದೆ.

ಇದಕ್ಕೆ ಪರಿಹಾರ ಇರುವುದು ಮಗು ಆರಾಮಾಗಿರುವ ದಿನಗಳಲ್ಲಿ. ಖಾಲಿ ಸ್ಪೇಸರನ್ನು ಆಟದ ಸಾಮಾನುಗಳ ಜೊತೆ ಎರಡು ದಿನ ಬಿಡಿ. ಗೊಂಬೆಗೆ ಮಾಸ್ಕ್ ಹಾಕಲಿ, ಅಪ್ಪನಿಗೆ ಹಾಕಲಿ, ನಿಮಗೂ ಹಾಕಲಿ. ಆಮೇಲೆ ಔಷಧಿ ಇಲ್ಲದೆ ಮಾಸ್ಕನ್ನು ಅದರ ಮುಖಕ್ಕೆ ತಾಗಿಸಿ, "ಒಂದು, ಎರಡು, ಮೂರು" ಎಂದು ಎಣಿಸಿ ತೆಗೆಯಿರಿ. ಎಣಿಕೆ ಮುಗಿದ ತಕ್ಷಣ ಮಾಸ್ಕ್ ಹೋಗುತ್ತದೆ ಎಂದು ಮಗುವಿಗೆ ಒಮ್ಮೆ ನಂಬಿಕೆ ಬಂದರೆ ಅರ್ಧ ಜಗಳ ಮುಗಿದ ಹಾಗೆ. ಎಣಿಕೆಯಲ್ಲಿ ಮೋಸ ಮಾತ್ರ ಮಾಡಬೇಡಿ. ಆರು ಅಂದರೆ ಆರೇ.

ನಿದ್ದೆಯಲ್ಲಿ ಕೊಡಬಹುದಾ? ಮಾಸ್ಕ್ ತಾಗಿದ ಕೂಡಲೇ ಬಹಳ ಮಕ್ಕಳು ಬೆಚ್ಚಿ ಎದ್ದು ಅಳುತ್ತಾರೆ. ದಿನದ ಡೋಸನ್ನು ಎಚ್ಚರ ಇದ್ದಾಗಲೇ ಕೊಡಿ. ಉಬ್ಬಸ ಜಾಸ್ತಿಯಾಗಿರುವಾಗ ಮಾತ್ರ ಮಗು ಸುಮ್ಮನಾಗಲಿ ಎಂದು ಕಾಯಬೇಡಿ. ಎದೆಗೊರಗಿಸಿಕೊಂಡು, ಮಾಸ್ಕ್ ಬಿಗಿಯಾಗಿ ಹಿಡಿದು ಕೊಟ್ಟುಬಿಡಿ.

ನಾಲ್ಕೈದು ವರ್ಷ ದಾಟಿದವರಿಗೆ

ಮಾಸ್ಕ್ ತೆಗೆದ ಮೇಲೆ ಸ್ಪೇಸರಿನ ಬಾಯಿಯನ್ನು ಹಲ್ಲುಗಳ ನಡುವೆ ಇಟ್ಟು ತುಟಿಯಿಂದ ಸುತ್ತ ಮುಚ್ಚಬೇಕು. ನಾಲಿಗೆ ಅಡ್ಡ ಬರಬಾರದು. ಮೊದಲು ಮೆತ್ತಗೆ ಉಸಿರು ಹೊರಗೆ ಬಿಡಿಸಿ, ಒಂದು ಪಫ್ ಒತ್ತಿ, ನಿಧಾನವಾಗಿ ಮೂರರಿಂದ ಐದು ಸೆಕೆಂಡಿನಷ್ಟು ಉದ್ದಕ್ಕೆ ಉಸಿರೆಳೆಸಿ. ಆಮೇಲೆ ಹತ್ತು ಸೆಕೆಂಡ್, ಆಗದಿದ್ದರೆ ಐದು, ಉಸಿರು ಹಿಡಿಯಲಿ. ಅದು ಬಾರದ ಮಕ್ಕಳು ಸ್ಪೇಸರನ್ನು ಬಾಯಲ್ಲೇ ಇಟ್ಟುಕೊಂಡು ಐದಾರು ಸಲ ಮಾಮೂಲಾಗಿ ಉಸಿರಾಡಿದರೂ ಆದೀತು. ಕೆಲವು ಸ್ಪೇಸರುಗಳು ಜೋರಾಗಿ ಎಳೆದರೆ ಪೀಪಿ ಊದಿದ ಹಾಗೆ ಸದ್ದು ಮಾಡುತ್ತವೆ. ಮಕ್ಕಳಿಗೆ ಆ ಸದ್ದು ಖುಷಿ, ಬೇಕೆಂದೇ ಮಾಡುತ್ತಾರೆ. ಸದ್ದು ಬಂದರೆ ಉಸಿರು ಜೋರಾಯಿತು ಎಂದು ಅರ್ಥ. ಸದ್ದಿಲ್ಲದ ಹಾಗೆ ಎಳೆಯಲು ಕಲಿಸಿ.

ರೋಟಾಹೇಲರ್ ನಮ್ಮಲ್ಲಿ ಬಳಕೆಯಲ್ಲಿರುವ ಇನ್ನೊಂದು ಸಾಧನ. ಅದರಲ್ಲಿ ಔಷಧಿ ಪುಡಿಯಾಗಿ ಕ್ಯಾಪ್ಸೂಲಿನೊಳಗೆ ಇರುತ್ತದೆ. ಇಲ್ಲಿ ನಿಯಮ ಬೇರೆ: ಪುಡಿಯನ್ನು ಮಗು ತನ್ನ ಬಲದಿಂದಲೇ ಎಳೆದುಕೊಳ್ಳಬೇಕು, ಜೋರಾಗಿ, ರಭಸದಿಂದ. ಆರು ವರ್ಷದೊಳಗಿನವರಿಗೆ ಆ ಶಕ್ತಿ ಸಾಮಾನ್ಯವಾಗಿ ಸಾಲದು. ಸಾಧನದೊಳಕ್ಕೆ ಉಸಿರು ಬಿಟ್ಟರೆ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಕ್ಯಾಪ್ಸೂಲನ್ನು ಮಾತ್ರೆ ಎಂದುಕೊಂಡು ನೀರಿನ ಜೊತೆ ನುಂಗಿಸುವುದೂ ನಡೆಯುತ್ತದೆ, ಅಜ್ಜ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಿ.

ಉಬ್ಬಸ ಜೋರಾದಾಗ

ಇಂಥ ಸಮಯಕ್ಕೆ ಏನು ಮಾಡಬೇಕು ಅನ್ನುವುದನ್ನು ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಐದು ವರ್ಷದವರೆಗಿನ ಮಕ್ಕಳಿಗೆ ಸಾಮಾನ್ಯವಾಗಿ ಹೇಳುವುದು ಹೀಗೆ: ನೆಟ್ಟಗೆ ಕೂರಿಸಿ, "ಉಬ್ಬಸ ಬಂದಾಗ" ಇನ್‌ಹೇಲರಿನ ಎರಡು ಪಫ್, ಒಂದಾದ ಮೇಲೆ ಒಂದು. 20 ನಿಮಿಷ ನೋಡಿ. ಕಡಿಮೆಯಾಗದಿದ್ದರೆ ಮತ್ತೆ ಎರಡು. ಒಂದು ಗಂಟೆಯೊಳಗೆ ಮೂರು ಸಲ ಹೀಗೆ ಕೊಟ್ಟರೂ ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ. ಇಳಿದು ಮೂರ್ನಾಲ್ಕು ಗಂಟೆಯೊಳಗೆ ಮತ್ತೆ ಶುರುವಾದರೂ ಅಷ್ಟೇ. ಒಂದು ವರ್ಷದೊಳಗಿನ ಕೂಸಾದರೆ ಇಷ್ಟು ಕಾಯುವುದೇ ಬೇಡ, ಬೇಗ ತೋರಿಸಿ.

ಈ ಲಕ್ಷಣಗಳು ಕಂಡರೆ 20 ನಿಮಿಷದ ಲೆಕ್ಕ ಬಿಟ್ಟು ಆ ಕ್ಷಣವೇ 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಹೊರಡಿ: ಮಗು ಒಂದು ವಾಕ್ಯ ಪೂರ್ತಿ ಹೇಳಲಾರದು, ಹಾಲು ನೀರು ಕುಡಿಯಲಾರದು, ಉಸಿರೆಳೆದಾಗ ಪಕ್ಕೆಯ ಸಂದು, ಕತ್ತಿನ ಕೆಳಗಿನ ಗುಳಿ ಒಳಕ್ಕೆ ಸೆಳೆಯುತ್ತದೆ, ತುಟಿ ನಾಲಿಗೆ ನೀಲಿಯಾಗುತ್ತಿದೆ, ಮಂಪರು ಬಂದ ಹಾಗಿದೆ. ಇನ್ನೊಂದು ಮೋಸದ ಲಕ್ಷಣವಿದೆ. ಅಷ್ಟು ಹೊತ್ತು ಕೇಳುತ್ತಿದ್ದ ಸೊಂಯ್ ಸೊಂಯ್ ಸದ್ದು ನಿಂತಿದೆ, ಮಗು ಮಾತ್ರ ಇನ್ನೂ ಒದ್ದಾಡುತ್ತಿದೆ. ವಾಸಿಯಾಯಿತು ಅಂದುಕೊಳ್ಳಬೇಡಿ. ಸದ್ದು ಮಾಡುವಷ್ಟು ಗಾಳಿಯೂ ಓಡಾಡುತ್ತಿಲ್ಲ ಎಂದು ಅದರ ಅರ್ಥ. ದಾರಿಯುದ್ದಕ್ಕೂ ಪಫ್ ಕೊಡುತ್ತಲೇ ಇರಿ.

ಎದೆಗೆ ಮುಲಾಮು ತಿಕ್ಕುವುದು, ಬಿಸಿನೀರಿನ ಹಬೆ ಹಿಡಿಸುವುದು ಇವುಗಳಲ್ಲಿ ಹೊತ್ತು ಕಳೆಯಬೇಡಿ. ಹಬೆಯ ಪಾತ್ರೆ ಮೈಮೇಲೆ ಮಗುಚಿ ಮಕ್ಕಳು ಸುಟ್ಟುಕೊಳ್ಳುತ್ತಾರೆ. ಮನೆಯಲ್ಲಿ ನೆಬ್ಯುಲೈಸರ್, ಅಂದರೆ ಔಷಧಿಯನ್ನು ಮಂಜಿನಂತೆ ಮಾಡಿ ಕೊಡುವ ಯಂತ್ರ, ಇಲ್ಲವಲ್ಲ ಎಂದು ಕೊರಗಬೇಕಿಲ್ಲ. ಜೀವಕ್ಕೆ ಅಪಾಯ ಇಲ್ಲದ ಉಬ್ಬಸದಲ್ಲಿ ಸ್ಪೇಸರ್ ಮೂಲಕ ಕೊಟ್ಟ ಪಫ್‌ಗಳು ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ.

ಪ್ರಯಾಣದಲ್ಲಿ ಸ್ಪೇಸರ್ ಮರೆತು ಬಂದಿದ್ದೀರಿ, ಉಬ್ಬಸ ಶುರುವಾಯಿತು. ಆಗ 500 ಮಿ.ಲೀ. ನೀರಿನ ಬಾಟಲಿ ಕೈ ಹಿಡಿಯುತ್ತದೆ. ಒಳಗಿನ ನೀರು ಪೂರ್ತಿ ಸುರಿದು, ತಳದಲ್ಲಿ ಇನ್‌ಹೇಲರಿನ ಬಾಯಿಯಷ್ಟೇ ಅಳತೆಗೆ ತೂತು ಕೊರೆದು ಇನ್‌ಹೇಲರನ್ನು ತೂರಿಸಿ. ಸುತ್ತ ಗಾಳಿ ಹೋಗದ ಹಾಗೆ ಟೇಪ್ ಸುತ್ತಿ. ಬಾಟಲಿಯ ಬಾಯಿ ಮಗುವಿನ ಬಾಯಲ್ಲಿ. ಉಳಿದದ್ದೆಲ್ಲ ಮೇಲೆ ಹೇಳಿದ ಹಾಗೆಯೇ. ಕೇಪ್ ಟೌನಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಸಂದಿ ಮುಚ್ಚಿದ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತ್ತು. ಲೋಟದಲ್ಲಿ ಮಾಡಿದ ಸ್ಪೇಸರ್ ಅಷ್ಟು ಉಪಯೋಗಕ್ಕೆ ಬರಲಿಲ್ಲ.

ತೊಳೆಯುವುದರಲ್ಲೂ ಕ್ರಮ ಇದೆ

ಹೊಸ ಪ್ಲಾಸ್ಟಿಕ್ ಸ್ಪೇಸರಿನ ಗೋಡೆಯಲ್ಲಿ ಸ್ಥಿರ ವಿದ್ಯುತ್ ಇರುತ್ತದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುವ ಹಾಗೆ ಅದು ಔಷಧಿಯ ಕಣಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಹಾಗಾಗಿ ಮೊದಲ ಸಲ ಬಳಸುವ ಮುಂಚೆಯೇ ತೊಳೆಯಬೇಕು. ಭಾಗಗಳನ್ನು ಬಿಡಿಸಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಕಾಲು ಗಂಟೆ ನೆನೆಸಿ. ಒಳಗೆ ಬ್ರಷ್, ಸ್ಕ್ರಬ್ಬರ್ ಹಾಕಬೇಡಿ. ಹೊರಗೆ ತೆಗೆದು ಬಾಯಿಗೆ, ಮುಖಕ್ಕೆ ತಾಗುವ ಭಾಗವನ್ನು ಮಾತ್ರ ನೀರಲ್ಲಿ ತೊಳೆಯಿರಿ. ಕೊಳವೆಯ ಒಳಗೆ ಸೋಪಿನ ತೆಳು ಪದರ ಉಳಿಯಲಿ, ಸ್ಥಿರ ವಿದ್ಯುತ್ ತಡೆಯುವುದೇ ಅದು. ಬಟ್ಟೆಯಿಂದ ಒರೆಸಿದರೆ ಮಾಡಿದ್ದೆಲ್ಲ ವ್ಯರ್ಥ. ನೆರಳಲ್ಲಿ ತಾನಾಗಿಯೇ ಒಣಗಬೇಕು. ಆಮೇಲೆ ತಿಂಗಳಿಗೊಮ್ಮೆ ಹೀಗೇ ಮಾಡಿ. ನಿಮ್ಮ ಸ್ಪೇಸರಿನ ಚೀಟಿಯಲ್ಲಿ ಬೇರೆ ಥರ ಹೇಳಿದ್ದರೆ ಅದನ್ನೇ ಪಾಲಿಸಿ. ಕವಾಟ ಮುದುಡಿದ್ದರೆ, ಕೊಳವೆ ಬಿರುಕು ಬಿಟ್ಟಿದ್ದರೆ ಹೊಸದು ತನ್ನಿ.

ಲೋಹದ ಡಬ್ಬಿ ನೀರಿಗೆ ತಾಗಬಾರದು. ಡಬ್ಬಿಯನ್ನು ನೀರಲ್ಲಿ ತೇಲಿಸಿ ಔಷಧಿ ಎಷ್ಟಿದೆ ಎಂದು ನೋಡುವ ಹಳೇ ಉಪಾಯವನ್ನೂ ಬಿಟ್ಟುಬಿಡಿ, ಅದು ಸರಿಯಾದ ಲೆಕ್ಕ ಕೊಡುವುದಿಲ್ಲ. ಡಬ್ಬಿ ಅಲ್ಲಾಡಿಸಿದರೆ ಬರುವ ಸದ್ದೂ ಅಷ್ಟೇ. ಔಷಧಿ ಮುಗಿದ ಮೇಲೂ ಬರಿಯ ಗಾಳಿ ಹೊಡೆಯುತ್ತಿರುತ್ತದೆ. ಕೌಂಟರ್ ಇರುವ ಇನ್‌ಹೇಲರ್ ಆದರೆ ಅಂಕಿ ನೋಡಿ. ಇಲ್ಲದಿದ್ದರೆ ಲೆಕ್ಕ ಹಾಕಿ: 120 ಪಫ್‌ಗಳ ಡಬ್ಬಿ, ಬೆಳಿಗ್ಗೆ ಎರಡು, ರಾತ್ರಿ ಎರಡು ಅಂದರೆ 30 ದಿನ. ಶುರು ಮಾಡಿದ ದಿನವೇ, ಮುಗಿಯುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಿಸಿಲಲ್ಲಿ ನಿಂತ ಕಾರಿನೊಳಗೆ, ಒಲೆಯ ಪಕ್ಕದಲ್ಲಿ ಇನ್‌ಹೇಲರ್ ಇಡಬೇಡಿ.

ಮನೆಯ ಹೊಗೆ, ಶಾಲೆಯ ಬ್ಯಾಗು

ಎಷ್ಟೇ ಚೆನ್ನಾಗಿ ಪಫ್ ಕೊಟ್ಟರೂ ಮನೆಯೊಳಗೆ ಹೊಗೆ ಇದ್ದರೆ ಉಬ್ಬಸ ಇಳಿಯುವುದಿಲ್ಲ. ಬೀಡಿ ಸಿಗರೇಟು ಸರಿ, ಅದು ಎಲ್ಲರಿಗೂ ಗೊತ್ತು. ಎರೆದ ಮೇಲೆ ಕೂಸಿಗೆ ಹಾಕುವ ಸಾಂಬ್ರಾಣಿ ಹೊಗೆ, ಬಾಗಿಲು ಹಾಕಿದ ಕೋಣೆಯ ಸೊಳ್ಳೆಬತ್ತಿ, ದೇವರ ಮುಂದಿನ ಊದುಬತ್ತಿ ಇವೂ ಹೊಗೆಯೇ. ದೀಪಾವಳಿಯ ರಾತ್ರಿ ಕಿಟಕಿ ಮುಚ್ಚಿ, ಪಟಾಕಿಯಿಂದ ಮಗುವನ್ನು ದೂರ ಇಡಿ. ಮೃಗಶಿರ ಮಳೆಯ ಹೊತ್ತಿಗೆ ಹೈದರಾಬಾದಿನ ಮೀನಿನ ಔಷಧಿಗೆ ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ಅದನ್ನು ನಂಬಿ ಇನ್‌ಹೇಲರ್ ನಿಲ್ಲಿಸಬೇಡಿ, ಜೂನ್ ತಿಂಗಳಲ್ಲಂತೂ ಬೇಡವೇ ಬೇಡ. ಮಳೆಯ ಜೊತೆ ಶಾಲೆ ಶುರುವಾಗಿ, ಶೀತ ಜ್ವರ ಒಬ್ಬರಿಂದ ಒಬ್ಬರಿಗೆ ಹರಡುವ ಕಾಲ ಅದು.

ಶಾಲೆಗೆ "ಉಬ್ಬಸ ಬಂದಾಗ" ಇನ್‌ಹೇಲರ್ ಇನ್ನೊಂದು, ಸ್ಪೇಸರ್ ಇನ್ನೊಂದು ಕೊಟ್ಟಿಡಿ. ಮಗುವಿನ ಹೆಸರು, ನಿಮ್ಮ ಫೋನ್ ನಂಬರ್ ಬರೆದಿರಲಿ. ಆಫೀಸಿನ ಬೀಗ ಹಾಕಿದ ಕಪಾಟಿನಲ್ಲಿ ಇಟ್ಟರೆ ಸಮಯಕ್ಕೆ ಸಿಗುವುದಿಲ್ಲ. ತರಗತಿಯ ಮಿಸ್‌ಗೂ ಪಿ.ಟಿ. ಮೇಷ್ಟ್ರಿಗೂ ಒಮ್ಮೆ ನಿಂತು ತೋರಿಸಿಕೊಡಿ. ಆಟದಿಂದ ಮಗುವನ್ನು ಹೊರಗಿಡಬೇಡಿ ಎಂದೂ ಹೇಳಿ. ಆಡಿದ ಕೂಡಲೇ ಕೆಮ್ಮು ಬರುತ್ತಿದ್ದರೆ ಆಟಕ್ಕೆ ಮುಂಚೆ ಪಫ್ ಬೇಕೇ ಎಂದು ಡಾಕ್ಟರನ್ನು ಕೇಳಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಚೀಟಿಯ ಜೊತೆ ಇನ್‌ಹೇಲರ್, ಸ್ಪೇಸರ್, ಮಾಸ್ಕ್ ಮೂರನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಅದಕ್ಕೂ ಮುಂಚೆ, ಮನೆಯಲ್ಲಿ ಪಫ್ ಕೊಡುವಾಗ ಯಾರಾದರೂ ಪಕ್ಕದಲ್ಲಿ ನಿಂತು ಫೋನಿನಲ್ಲಿ ವಿಡಿಯೋ ಮಾಡಲಿ. ದಿನಾ ಮಗುವಿಗೆ ಕೊಡುವವರು ಅಜ್ಜಿಯಾಗಿದ್ದರೆ ಅವರು ಕೊಡುವುದನ್ನೇ ಮಾಡಿ. "ಉಬ್ಬಸ ಬಂದಾಗ" ಇನ್‌ಹೇಲರ್ ವಾರಕ್ಕೆ ಎಷ್ಟು ಸಲ ಬೇಕಾಯಿತು, ರಾತ್ರಿ ಕೆಮ್ಮಿನಿಂದ ಎಷ್ಟು ಸಲ ಎದ್ದಿತು ಎಂದು ಬರೆದಿಟ್ಟುಕೊಳ್ಳಿ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ. ಆ ವಿಡಿಯೋ ತೋರಿಸಿ, "ಇದು ಸರಿ ಇದೆಯಾ ಡಾಕ್ಟ್ರೇ?" ಎಂದು ಕೇಳಿ. ಅದನ್ನು ನೋಡಿದ ಮೇಲೆ ಔಷಧಿ ಬದಲಿಸುವ ಮಾತಾಡಲಿ.